ಫ್ಯಾನು ನಿಂತಾಗ ಎಚ್ಚರವಾಗುವುದೇಕೆ

ರಾತ್ರಿ ಎರಡು ಗಂಟೆಗೆ ಕರೆಂಟು ಹೋಗುತ್ತದೆ. ಫ್ಯಾನು ಸುತ್ತು ಕಡಿಮೆ ಮಾಡಿಕೊಳ್ಳುತ್ತಾ ಬಂದು ನಿಲ್ಲುತ್ತದೆ. ಒಬ್ಬರು ಮಗ್ಗುಲು ಬದಲಿಸುತ್ತಾರೆ, ಇನ್ನೊಬ್ಬರು ಕೆಮ್ಮುತ್ತಾರೆ, ಯಾರೋ ಕತ್ತಲಲ್ಲೇ "ಕರೆಂಟ್ ಹೋಯ್ತಾ?" ಅನ್ನುತ್ತಾರೆ. ಬೆಳಿಗ್ಗೆ ಎಲ್ಲರೂ ಸೆಕೆಗೆ ಎಚ್ಚರವಾಯಿತು ಎಂದೇ ಹೇಳುತ್ತಾರೆ. ಆದರೆ ಡಿಸೆಂಬರಿನ ಮೈಸೂರಿನಲ್ಲಿ ರಗ್ಗು ಹೊದ್ದು ಮಲಗಿದವರಿಗೂ ಹೀಗೇ ಆಗುತ್ತದಲ್ಲ? ಬೆವರು ಮೂಡಲು ಹತ್ತು ನಿಮಿಷವಾದರೂ ಬೇಕು, ಎಚ್ಚರ ಮಾತ್ರ ರೆಕ್ಕೆ ನಿಂತ ಕೂಡಲೇ ಬಂದಿರುತ್ತದೆ. ಆ ಹೊತ್ತಿಗೆ ಕೋಣೆಯೊಳಗೆ ಎಲ್ಲಿಂದಲೋ ಹೊಸ ಸದ್ದುಗಳು ಬಂದು ಸೇರಿರುತ್ತವೆ: ಗೋಡೆ ಗಡಿಯಾರದ ಟಿಕ್ ಟಿಕ್, ಹೆದ್ದಾರಿಯಲ್ಲಿ ಗೇರು ಬದಲಿಸುವ ಲಾರಿ, ಮೂರನೇ ಬೀದಿಯ ನಾಯಿ. ಇವೆಲ್ಲ ಹತ್ತು ಗಂಟೆಯಿಂದಲೂ ಇದ್ದವೇ. ಫ್ಯಾನಿನ ಮೊರೆತ ಅವನ್ನು ಮುಚ್ಚಿಟ್ಟಿತ್ತು.

ನಿದ್ದೆಗೆ ಸದ್ದು ಹಾಕಿಕೊಳ್ಳುವ ವಿಷಯದಲ್ಲಿ ತಿಳಿಯಬೇಕಾದದ್ದು ಬಹುಪಾಲು ಈ ಒಂದು ದೃಶ್ಯದಲ್ಲೇ ಇದೆ. ಮಲಗಿದಾಗಲೂ ಮಿದುಳು ಕೇಳಿಸಿಕೊಳ್ಳುತ್ತಲೇ ಇರುತ್ತದೆ. ಒಂದೇ ಸಮನೆ ಇರುವ ಸದ್ದನ್ನು ಅದು ಬೇಗ ಬದಿಗಿಡುತ್ತದೆ. ಏರಿಳಿತ ಕಂಡರೆ ತಲೆಯೆತ್ತುತ್ತದೆ. 2005ರಲ್ಲಿ ಆಸ್ಪತ್ರೆಯ ತೀವ್ರ ನಿಗಾ ಘಟಕದ ಸದ್ದನ್ನು ಮಲಗಿದವರಿಗೆ ಕೇಳಿಸಿ ಮಾಡಿದ ಒಂದು ಪ್ರಯೋಗದಲ್ಲಿ, ಅದೇ ಸದ್ದಿಗೆ ವೈಟ್ ನಾಯ್ಸ್, ಅಂದರೆ ಒಂದೇ ಸಮನೆ ಸುಸ್ಸೆನ್ನುವ ಸದ್ದು, ಬೆರೆಸಿದಾಗ ಎಚ್ಚರವಾಗುವುದು ಬಹಳ ಕಡಿಮೆಯಾಯಿತು. ಒಟ್ಟು ಸದ್ದು ಹೆಚ್ಚಿದ್ದರೂ ನಿದ್ದೆ ಉಳಿಯಿತು. ಕಾರಣವಾಗಿ ಕಂಡದ್ದು ಹಿನ್ನೆಲೆಗೂ ದಿಢೀರ್ ಸದ್ದಿಗೂ ನಡುವಿನ ಅಂತರ. ಪಾಲ್ಗೊಂಡವರು ಬೆರಳೆಣಿಕೆಯಷ್ಟೇ ಆದರೂ ಆ ತರ್ಕ ನಮ್ಮ ಕೋಣೆಗಳಿಗೆ ಚೆನ್ನಾಗಿ ಹೊಂದುತ್ತದೆ. ಕೋಣೆಯ ಹಿನ್ನೆಲೆ 32 ಡೆಸಿಬೆಲ್ ಇದ್ದು ಹೊರಗೆ ಹೋದ ಬೈಕು ದಿಂಬಿನ ಬಳಿ 55 ತೋರಿಸಿದರೆ ಜಿಗಿತ 23. ಹಿನ್ನೆಲೆಯನ್ನು 43ಕ್ಕೆ ಏರಿಸಿಟ್ಟರೆ ಅದೇ ಬೈಕಿನ ಜಿಗಿತ ಸುಮಾರು 12ಕ್ಕೆ ಇಳಿಯುತ್ತದೆ. ಬೈಕು ಮಾಯವಾಗಲಿಲ್ಲ, ಅದರ ಮೊನೆ ಮೊಂಡಾಯಿತು.

ಆದ್ದರಿಂದ "ವೈಟ್, ಪಿಂಕ್, ಬ್ರೌನ್ ಎಂದೆಲ್ಲ ಇವೆಯಲ್ಲ, ಯಾವ ಬಣ್ಣದ ನಾಯ್ಸ್ ಒಳ್ಳೆಯದು?" ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಮರುಪ್ರಶ್ನೆಯೇ: ನಿಮ್ಮನ್ನು ಎಬ್ಬಿಸುವ ಸದ್ದು ಯಾವುದು? ಅದು ಗೊತ್ತಾದ ಮೇಲೆ ಬಣ್ಣ ತಾನಾಗಿ ಗೊತ್ತಾಗುತ್ತದೆ.

ಸೂಸ್ ಮತ್ತು ಭೋರ್

ಬಣ್ಣಗಳ ಹಿಂದಿನ ಲೆಕ್ಕ ಸರಳ, ಸಂಗೀತ ಕಲಿತವರಿಗೆ ಇನ್ನೂ ಸರಳ. ಸದ್ದಿನ ಕಂಪನವನ್ನು ಹರ್ಟ್ಜ್‌ನಲ್ಲಿ, ಅಂದರೆ ಸೆಕೆಂಡಿಗೆ ಎಷ್ಟು ಸಲ ಎಂದು ಎಣಿಸುತ್ತಾರೆ. ಮನುಷ್ಯರ ಕಿವಿಗೆ ಕೇಳುವುದು 20 ಹರ್ಟ್ಜ್‌ನಿಂದ 20,000 ಹರ್ಟ್ಜ್‌ವರೆಗೆ. ಮಂದ್ರದಿಂದ ಮಧ್ಯಕ್ಕೆ, ಮಧ್ಯದಿಂದ ತಾರಕ್ಕೆ ಹೋದ ಹಾಗೆ ಪ್ರತಿ ಸ್ಥಾಯಿಗೂ ಕಂಪನ ದುಪ್ಪಟ್ಟಾಗುತ್ತದೆ. ಹಾಗೆ ಎಣಿಸಿದರೆ ಈ ಹರವಿನಲ್ಲಿ ಸುಮಾರು 10 ಸ್ಥಾಯಿಗಳಿವೆ. ಪಿಂಕ್ ನಾಯ್ಸ್‌ನಲ್ಲಿ ಪ್ರತಿ ಸ್ಥಾಯಿಗೂ ಸಮಪಾಲು ಶಕ್ತಿ. ವೈಟ್ ನಾಯ್ಸ್‌ನಲ್ಲಿ ಪ್ರತಿ ಹರ್ಟ್ಜ್‌ಗೂ ಸಮಪಾಲು. ಹಾಗಾಗಿ ಸ್ಥಾಯಿ ಮೇಲೇರಿದಷ್ಟೂ ಶಕ್ತಿ 3 ಡೆಸಿಬೆಲ್ ಹೆಚ್ಚುತ್ತಾ ಹೋಗಿ, ಒಟ್ಟು ಶಕ್ತಿಯ ಅರ್ಧ ಭಾಗ 10,000ದಿಂದ 20,000ದವರೆಗಿನ ಕಟ್ಟಕಡೆಯ ಸ್ಥಾಯಿಯಲ್ಲೇ ಕೂರುತ್ತದೆ. ಬ್ರೌನ್ ನಾಯ್ಸ್ ಇದರ ತದ್ವಿರುದ್ಧ: ಸ್ಥಾಯಿಗೆ 3 ಡೆಸಿಬೆಲ್‌ನಂತೆ ಇಳಿಯುತ್ತದೆ, ಅದರ ಅರ್ಧ ಶಕ್ತಿ 20ರಿಂದ 40 ಹರ್ಟ್ಜ್‌ವರೆಗಿನ ತಳದ ಸ್ಥಾಯಿಯಲ್ಲಿದೆ. ಈ ಎರಡು "ಅರ್ಧ"ಗಳನ್ನು ನೆನಪಿಡಿ, ಮುಂದೆ ಬೇಕಾಗುತ್ತವೆ. ಬ್ರೌನ್ ಎಂದರೆ ಕಂದು ಬಣ್ಣ ಎಂದು ಅನುವಾದ ಮಾಡುವವರಿದ್ದಾರೆ. ಆ ಹೆಸರು ಬಂದಿರುವುದು ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್‌ನಿಂದ. 1827ರಲ್ಲಿ ಆತ ಸೂಕ್ಷ್ಮದರ್ಶಕದಡಿ ನೀರಿನಲ್ಲಿ ಪರಾಗದೊಳಗಿನ ಸೂಕ್ಷ್ಮ ಕಣಗಳು ಅಡ್ಡಾದಿಡ್ಡಿ ಅಲೆಯುವುದನ್ನು ಗಮನಿಸಿದ್ದ. ಆ ಅಲೆದಾಟದ ಗಣಿತವೇ ಈ ಸದ್ದಿನದೂ. ನೀಲಿ, ನೇರಳೆ ನಾಯ್ಸ್‌ಗಳೂ ಇವೆ, ಅವು ವೈಟ್‌ಗಿಂತಲೂ ಚೂಪು. ಮಲಗುವ ಕೋಣೆಯಲ್ಲಿ ಅವುಗಳಿಗೆ ಕೆಲಸವಿಲ್ಲ. ಹಸಿರು ಎಂಬ ಹೆಸರಿಗೆ ಒಪ್ಪಿತ ಅಳತೆಯೇ ಇಲ್ಲ. ಆ್ಯಪಿನಿಂದ ಆ್ಯಪಿಗೆ ಬೇರೆ ಬೇರೆ ಸದ್ದನ್ನು ಆ ಹೆಸರಲ್ಲಿ ಕೊಡುತ್ತಾರೆ.

ಗ್ರಾಫು ಇಲ್ಲದೆಯೂ ಕನ್ನಡದ ಕಿವಿ ಈ ಬಣ್ಣಗಳನ್ನು ಬಹಳ ಹಿಂದೆಯೇ ಬೇರ್ಪಡಿಸಿಟ್ಟಿದೆ. ಕುಕ್ಕರಿನ ಆವಿ ಸುಸ್ಸೆನ್ನುತ್ತದೆ, ಗಾಳಿಮರ ಸುಯ್ಗುಡುತ್ತದೆ, ಮಳೆ ಧೋ ಎಂದು ಸುರಿಯುತ್ತದೆ, ಜಲಪಾತ ಭೋರ್ಗರೆಯುತ್ತದೆ. ಬಾಯಲ್ಲಿ "ಸ್‌ಸ್‌ಸ್" ಎಂದು ಎಳೆದು ನೋಡಿ: ಆ ವ್ಯಂಜನದ ಶಕ್ತಿ ಬಹುತೇಕ 4,000 ಹರ್ಟ್ಜ್‌ಗಿಂತ ಮೇಲಿದೆ. "ಶ್‌ಶ್" ಎಂದರೆ ಒಂದು ಮೆಟ್ಟಿಲು ಇಳಿಯುತ್ತದೆ. "ಭೋ" ಎಂದರೆ ತಳಕ್ಕೇ ಬರುತ್ತದೆ. ಸ್ಟೇಷನ್ ಸಿಗದ ರೇಡಿಯೋದ ಸೊಂಯ್ ಎಂಬ ಸದ್ದು ವೈಟ್‌ಗೆ ಹತ್ತಿರ, ಹೆಂಚಿನ ಮೇಲೆ ಹಿಡಿದ ಸೋನೆಮಳೆ ಪಿಂಕ್‌ಗೆ ಹತ್ತಿರ, ಆಷಾಢದಲ್ಲಿ ದೂರದಿಂದ ಕೇಳುವ ಜೋಗ ಬ್ರೌನ್‌ಗೆ ಹತ್ತಿರ.

ಜೋಗದ ವಿಷಯದಲ್ಲಿ ದೂರ ಎಂಬ ಮಾತು ಮುಖ್ಯ. ನೀರು ಬೀಳುವ ಜಾಗದ ಹತ್ತಿರ ಹೋದರೆ ಸೂಸು, ಸಿಡಿತ, ಚಟಪಟ ಎಲ್ಲವೂ ಇವೆ. ಕಿಲೋಮೀಟರು ದೂರದಲ್ಲಿ ಉಳಿಯುವುದು ಮೊರೆತ ಮಾತ್ರ. ಗಾಳಿ ಚೂಪು ಸದ್ದನ್ನು ನುಂಗಿಹಾಕುತ್ತದೆ: 20 ಡಿಗ್ರಿ ತಂಪಿನ, ತೇವದ ಗಾಳಿಯಲ್ಲಿ 8,000 ಹರ್ಟ್ಜ್ ಸದ್ದು ಒಂದು ಕಿಲೋಮೀಟರಿಗೆ 75 ಡೆಸಿಬೆಲ್‌ನಷ್ಟು ಕರಗಿದರೆ 125 ಹರ್ಟ್ಜ್ ಸದ್ದು ಅರ್ಧ ಡೆಸಿಬೆಲ್ ಕೂಡ ಕರಗುವುದಿಲ್ಲ. ಬ್ರೌನ್ ನಾಯ್ಸ್ ಕೇಳಿದವರು "ಏನೋ ಹಾಯೆನಿಸುತ್ತದೆ" ಎನ್ನುವುದಕ್ಕೆ ಇದೂ ಒಂದು ಕಾರಣ ಎಂದು ನನಗನಿಸುತ್ತದೆ. ಚೂಪು ಕಳೆದುಕೊಂಡ ಸದ್ದನ್ನು ನಾವು ಹುಟ್ಟಿನಿಂದಲೂ ದೂರದ ಸದ್ದೆಂದೇ ಕೇಳಿದ್ದೇವೆ.

ಮುಚ್ಚಬೇಕಾದದ್ದು ಯಾವುದನ್ನು

ಒಂದು ಸದ್ದು ಇನ್ನೊಂದನ್ನು ಮುಚ್ಚಬೇಕಾದರೆ ಎರಡೂ ಒಂದೇ ಕಂಪನದ ಆಸುಪಾಸಿನಲ್ಲಿರಬೇಕು. ಕಿವಿ ಸದ್ದನ್ನು ಸಣ್ಣ ಸಣ್ಣ ಪಟ್ಟಿಗಳಾಗಿ ಬಿಡಿಸಿ ಕೇಳುತ್ತದೆ. 1,000 ಹರ್ಟ್ಜ್‌ನ ಸದ್ದನ್ನು ಅಡಗಿಸಲು 10,000ದ ಆಸುಪಾಸಿನಲ್ಲಿ ಎಷ್ಟು ಶಕ್ತಿ ಸುರಿದರೂ ವ್ಯರ್ಥ. ವೈಟ್ ನಾಯ್ಸ್‌ನ ತೊಂದರೆ ಇಲ್ಲೇ. ಅದರ ಅರ್ಧ ಶಕ್ತಿ ಮೇಲಿನ ಸ್ಥಾಯಿಯಲ್ಲಿದೆ ಎಂದೆನಲ್ಲ, ಆ ಎತ್ತರದಲ್ಲಿ ರಾತ್ರಿ ಮುಚ್ಚುವಂಥದ್ದು ಹೆಚ್ಚೇನೂ ಇರುವುದಿಲ್ಲ. ಕಿವಿಗೆ ಚುಚ್ಚುವುದಷ್ಟೇ ಲಾಭ. ಶ್ರುತಿಪೆಟ್ಟಿಗೆಯನ್ನೋ ತಂಬೂರಿಯ ಆ್ಯಪನ್ನೋ ಹಾಕಿ ಮಲಗುವವರಿಗೂ ಇದೇ ಮಾತು. ಆ ನಾದ ಮನಸ್ಸನ್ನು ಇಳಿಸುತ್ತದೆ ನಿಜ, ಆದರೆ ಅದರ ಶಕ್ತಿ ಷಡ್ಜ ಪಂಚಮ ಮತ್ತು ಅವುಗಳ ಅನುಸ್ವರಗಳಲ್ಲಿ ಗೆರೆಗೆರೆಯಾಗಿ ನಿಂತಿರುತ್ತದೆ. ಗೆರೆಗಳ ನಡುವಿನ ಸಂದಿನಿಂದ ಹೊರಗಿನ ಮಾತು, ಹಾರ್ನು ಒಳಗೆ ಬರುತ್ತವೆ.

ಪಕ್ಕದ ಮನೆಯ ಟಿವಿ ಅಥವಾ ಮಾತು ಗೋಡೆ ದಾಟಿ ಬರುತ್ತಿದ್ದರೆ ಮೇಲಿನ ಸ್ವರಗಳನ್ನು ಇಟ್ಟಿಗೆ ಆಗಲೇ ತಡೆದಿರುತ್ತದೆ. ಒಳಗೆ ಬರುವುದು ಐನೂರು ಹರ್ಟ್ಜ್‌ಗಿಂತ ಕೆಳಗಿನ ಗುಮುಗುಮು. ಅದಕ್ಕೆ ಪಿಂಕ್‌ಗಿಂತ ಸ್ವಲ್ಪ ದಪ್ಪನೆಯ ಸದ್ದು ಸರಿ. ಅದೇ ಮಾತು ತೆರೆದ ಕಿಟಕಿಯಿಂದ ಬರುತ್ತಿದ್ದರೆ ವ್ಯಂಜನಗಳ ಸಮೇತ, 4,000 ಹರ್ಟ್ಜ್ ದಾಟಿಯೂ ಬರುತ್ತದೆ. ಅಲ್ಲಿ ಪಿಂಕ್ ಬೇಕು. ಲಾರಿ, ಬಸ್ಸು, ಜನರೇಟರು ತಳದ ಸ್ಥಾಯಿಗಳವು, ಬ್ರೌನ್ ಕೇಳುತ್ತವೆ. ಗೊರಕೆಯ ಹೆಚ್ಚಿನ ಶಕ್ತಿ 100ರಿಂದ 500 ಹರ್ಟ್ಜ್‌ನಲ್ಲಿ, ಅದಕ್ಕೂ ಬ್ರೌನ್ ಅಥವಾ ಪಿಂಕ್. ಆದರೆ ಗೊರಕೆ ನಡುವೆ ನಿಂತು, ಉಸಿರು ಕಟ್ಟಿ, ಮತ್ತೆ ಏದುಸಿರಿನೊಂದಿಗೆ ಶುರುವಾಗುತ್ತಿದ್ದರೆ ಅದನ್ನು ಸದ್ದಿನಿಂದ ಮುಚ್ಚಬೇಡಿ, ಗೊರೆಯುವವರನ್ನು ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಅದು ನಿದ್ರೆಯಲ್ಲಿ ಉಸಿರು ನಿಲ್ಲುವ ಕಾಯಿಲೆಯ ಗುರುತು.

ಕಿಟಕಿ ಪಕ್ಕದಲ್ಲೇ ಬೊಗಳುವ ನಾಯಿಯನ್ನು ಯಾವ ಬಣ್ಣವೂ ಮುಚ್ಚಲಾರದು. ಅಷ್ಟು ಜೋರಿಗೆ ಸಮನಾಗಿ ನಾಯ್ಸ್ ಹಾಕಿದರೆ ಅದೇ ಒಂದು ಕಾಟವಾಗುತ್ತದೆ. ಮೊದಲು ಸಂದು ಮುಚ್ಚಬೇಕು: ಸ್ಲೈಡಿಂಗ್ ಕಿಟಕಿಯ ಚೌಕಟ್ಟಿಗೆ ರಬ್ಬರ್ ಬೀಡಿಂಗ್, ಬಾಗಿಲ ಕೆಳಗಿನ ಸಂದಿಗೆ ಪಟ್ಟಿ. ಒಂದು ಬೆರಳಗಲದ ಸಂದು ಇಡೀ ಗೋಡೆಯ ಶ್ರಮವನ್ನು ಹಾಳುಮಾಡುತ್ತದೆ. ಹತ್ತು ಗಂಟೆಯ ಮೇಲೂ ಮೊಳಗುವ ಧ್ವನಿವರ್ಧಕದ ವಿಷಯ ಬೇರೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗಿನ ಮಿತಿ 45 ಡೆಸಿಬೆಲ್. ಅದನ್ನು ಸಹಿಸಲು ನಿಮ್ಮ ಕಿವಿಗೆ ಇನ್ನಷ್ಟು ಸದ್ದು ತುಂಬಿಕೊಳ್ಳುವುದಕ್ಕಿಂತ ಪೊಲೀಸರಿಗೆ ದೂರು ಕೊಡುವುದೇ ಸರಿ.

ಫೋನಿನಲ್ಲಿ ಬ್ರೌನ್ ಇಲ್ಲ

"ಬ್ರೌನ್ ಹಾಕಿ ನೋಡಿದೆ, ವೈಟ್‌ಗೂ ಅದಕ್ಕೂ ವ್ಯತ್ಯಾಸವೇ ಗೊತ್ತಾಗಲಿಲ್ಲ" ಎನ್ನುವವರು ಬಹುಪಾಲು ಫೋನನ್ನು ದಿಂಬಿನ ಪಕ್ಕ ಇಟ್ಟು ಕೇಳಿದವರು. ತಪ್ಪು ಅವರ ಕಿವಿಯದಲ್ಲ. ಫೋನಿನ ಸ್ಪೀಕರು ಸರಿಸುಮಾರು 400 ಹರ್ಟ್ಜ್‌ನಿಂದ ಕೆಳಗೆ ಬಾಯಿ ಬಿಡುವುದಿಲ್ಲ. ಬ್ರೌನ್ ನಾಯ್ಸ್‌ನ ಲೆಕ್ಕ ಹಾಕಿದರೆ 400ರಿಂದ ಮೇಲಿರುವುದು ಒಟ್ಟು ಶಕ್ತಿಯ 5 ಶೇಕಡಾ ಮಾತ್ರ. ಉಳಿದ 95 ಶೇಕಡಾ ಫೋನಿನಿಂದ ಹೊರಗೇ ಬರುವುದಿಲ್ಲ. ಬಂದದ್ದು ಒಂದು ತೆಳ್ಳನೆಯ ಸುಸ್. ಸಾಲದು ಎಂದು ವಾಲ್ಯೂಮ್ ಏರಿಸಿದರೆ, ಬಾರದ ತಳದ ಸದ್ದಿಗಾಗಿ ಪುಟ್ಟ ಪೊರೆ ಒದ್ದಾಡಿ ಗರಗರ ಶುರುವಾಗುತ್ತದೆ. ಫೋನಿನಲ್ಲೇ ಕೇಳುವುದಿದ್ದರೆ ಪಿಂಕ್ ಆರಿಸಿ. ಬ್ರೌನ್ ಬೇಕೆಂದರೆ ಅಂಗೈಗಿಂತ ದೊಡ್ಡ ಬ್ಲೂಟೂತ್ ಸ್ಪೀಕರಾದರೂ ಬೇಕು. ಅಂಥವು 80-100 ಹರ್ಟ್ಜ್‌ವರೆಗೆ ಇಳಿಯುತ್ತವೆ, ಅಷ್ಟು ಸಾಕು. ಅದನ್ನು ಕೋಣೆಯ ಮೂಲೆಯಲ್ಲಿ, ಎರಡು ಗೋಡೆ ಸೇರುವಲ್ಲಿ ಇಟ್ಟರೆ ಗೋಡೆಗಳೇ ತಳದ ಸದ್ದನ್ನು ಎತ್ತಿಕೊಡುತ್ತವೆ.

ಜಾಗದ ಬಗ್ಗೆ ಇನ್ನೊಂದು ಮಾತು. ಸ್ಪೀಕರು ಕಿವಿಯ ಹತ್ತಿರ ಇರಬಾರದು. ಕಿಟಕಿಯಿಂದ ಕಾಟವಿದ್ದರೆ ಸ್ಪೀಕರೂ ಕಿಟಕಿಯ ಕಡೆಯೇ ಇರಲಿ, ಎರಡೂ ಒಂದೇ ದಿಕ್ಕಿನಿಂದ ಬಂದಾಗ ಮುಚ್ಚಿಕೊಳ್ಳುವುದು ಚೆನ್ನಾಗಿ ಆಗುತ್ತದೆ. ಕಾಟ ಒಂದೇ ಕಡೆಯಿಂದ ಬರುತ್ತಿಲ್ಲವಾದರೆ ಸ್ಪೀಕರಿನ ಮುಖವನ್ನು ಗೋಡೆಗೆ ತಿರುಗಿಸಿಡಿ. ಸದ್ದು ಬಡಿದು ಕೋಣೆಯೆಲ್ಲ ಹರಡಿ, ಇಂಥ ಕಡೆಯಿಂದ ಬರುತ್ತಿದೆ ಎಂದು ತೋರದ ಹಾಗಾಗುತ್ತದೆ.

ಎಷ್ಟು ಜೋರು

ಬಣ್ಣಕ್ಕಿಂತ ಹೆಚ್ಚು ಜನ ತಪ್ಪುವುದು ಇಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಕೊಟ್ಟ ಸಲಹೆಯಂತೆ ಮಲಗುವ ಕೋಣೆಯೊಳಗಿನ ನಿರಂತರ ಸದ್ದು 30 ಡೆಸಿಬೆಲ್ ಸುತ್ತ ಇರಬೇಕು, ಒಂದೊಂದು ದಿಢೀರ್ ಸದ್ದು 45 ದಾಟಬಾರದು. ಕೋಣೆ ಆಗಲೇ ಅಷ್ಟು ಶಾಂತವಾಗಿದ್ದರೆ ನಿಮಗೆ ಯಾವ ನಾಯ್ಸೂ ಬೇಡ, ಸುಮ್ಮನೆ ಮಲಗಿ. ಬೆಂಗಳೂರಿನ ಮುಖ್ಯರಸ್ತೆಯ ಪಕ್ಕದವರಿಗೆ ಆ ಭಾಗ್ಯವಿಲ್ಲ. ಅವರು ಹೀಗೆ ಮಾಡಬಹುದು: ಐಫೋನಿದ್ದರೆ ಅಮೆರಿಕದ ನಿಯೋಶ್ ಸಂಸ್ಥೆಯ ಸೌಂಡ್ ಲೆವೆಲ್ ಮೀಟರ್ ಆ್ಯಪ್ ಉಚಿತವಾಗಿ ಸಿಗುತ್ತದೆ, ಆಂಡ್ರಾಯ್ಡ್ ಆ್ಯಪುಗಳು ಫೋನಿನಿಂದ ಫೋನಿಗೆ ಹಲವು ಡೆಸಿಬೆಲ್ ಹೆಚ್ಚುಕಮ್ಮಿ ತೋರಿಸುತ್ತವೆ, ಆದರೂ ಒಂದೇ ಫೋನಿನ ಎರಡು ಅಳತೆಗಳನ್ನು ಹೋಲಿಸಲು ಅಡ್ಡಿಯಿಲ್ಲ. ಮಲಗುವ ಹೊತ್ತಿಗೆ ಫೋನನ್ನು ದಿಂಬಿನ ಮೇಲಿಟ್ಟು ಐದು ನಿಮಿಷ ಅಳೆಯಿರಿ, ಸರಾಸರಿಯನ್ನೂ ಗರಿಷ್ಠವನ್ನೂ ಬರೆದಿಟ್ಟುಕೊಳ್ಳಿ. ಆಮೇಲೆ ನಾಯ್ಸ್ ಹಾಕಿ, ಸರಾಸರಿ 40ರಿಂದ 45ರ ಒಳಗೆ ಬರುವ ಹಾಗೆ ವಾಲ್ಯೂಮ್ ಇಡಿ. 50 ದಾಟಿಸಬೇಡಿ. ಮೂರು ರಾತ್ರಿ ಅದೇ ಮಟ್ಟದಲ್ಲಿ ಮಲಗಿ, ನಾಲ್ಕನೆಯ ರಾತ್ರಿ ಎರಡು ಮೂರು ಡೆಸಿಬೆಲ್ ಇಳಿಸಿ ನೋಡಿ. ಎಚ್ಚರ ಹೆಚ್ಚದಿದ್ದರೆ ಅಲ್ಲೇ ಇರಲಿ. ಬಹಳ ಜನರಿಗೆ ಮೊದಲು ಅಂದುಕೊಂಡದ್ದಕ್ಕಿಂತ ಕಡಿಮೆಯೇ ಸಾಕಾಗುತ್ತದೆ.

ಬ್ರೌನ್ ಅಳೆಯುವಾಗ ಒಂದು ಮೋಸವಿದೆ. ಇಂಥ ಆ್ಯಪುಗಳು ಸಾಮಾನ್ಯವಾಗಿ ಬಳಸುವುದು ಎ-ತೂಕದ ಡೆಸಿಬೆಲ್, ಅಂದರೆ ಕಿವಿಗೆ ಕಡಿಮೆ ಕೇಳುವ ತಳದ ಸದ್ದನ್ನು ಕಡಿಮೆ ಎಣಿಸುವ ಅಳತೆ. ಆ ತೂಕ 100 ಹರ್ಟ್ಜ್‌ನಲ್ಲಿ 19 ಡೆಸಿಬೆಲ್, 50ರಲ್ಲಿ 30 ಡೆಸಿಬೆಲ್ ಕಡಿತ ಮಾಡುತ್ತದೆ. ಆದ್ದರಿಂದ ದೊಡ್ಡ ಸ್ಪೀಕರಿನಲ್ಲಿ ಬ್ರೌನ್ ಹಾಕಿದಾಗ ಆ್ಯಪು 42 ತೋರಿಸುತ್ತಿದ್ದರೂ ಕೆಳಗಿನ ಮನೆಯವರ ಛಾವಣಿ ಗುಂಯ್‌ಗುಡುತ್ತಿರಬಹುದು. ತಳದ ಸದ್ದು ಗೋಡೆ ದಾಟುತ್ತದೆ. ಅಪಾರ್ಟ್‌ಮೆಂಟಿನಲ್ಲಿರುವವರು ಸ್ಪೀಕರನ್ನು ನೆಲದ ಮೇಲಿಡದೆ ಮಡಚಿದ ಬೆಡ್‌ಶೀಟಿನ ಮೇಲಿಡಲಿ, ಪಕ್ಕದವರನ್ನು ಒಮ್ಮೆ ಕೇಳಲಿ.

ಫ್ಯಾನೇ ಸಾಲದೆ?

ಬಹಳ ಸಲ ಸಾಕು. ಮಲಗಲೆಂದೇ ಮಾರಾಟಕ್ಕೆ ಬಂದ ಮೊದಲ ಹೆಸರಾಂತ ಯಂತ್ರ, 1962ರಲ್ಲಿ ಅಮೆರಿಕದ ಜೇಮ್ಸ್ ಬಕ್‌ವಾಲ್ಟರ್ ಮಾಡಿದ ಸ್ಲೀಪ್-ಮೇಟ್, ಡಬ್ಬಿಯೊಳಗೆ ಸುತ್ತುವ ಒಂದು ಪುಟ್ಟ ಫ್ಯಾನೇ ಆಗಿತ್ತು. ನಮ್ಮ 1200 ಮಿಲಿಮೀಟರಿನ ಸೀಲಿಂಗ್ ಫ್ಯಾನು ನಿಮಿಷಕ್ಕೆ 350 ಸುತ್ತು ಸುತ್ತಿದರೆ ಮೂರು ರೆಕ್ಕೆಗಳ ಲೆಕ್ಕದಲ್ಲಿ ಸೆಕೆಂಡಿಗೆ 17-18 ಬೀಸು. ಅದು ಕಿವಿಯ ಕೆಳಗಿನ ಮಿತಿಗಿಂತಲೂ ಕೆಳಗೆ. ನಮಗೆ ಕೇಳುವುದು ರೆಕ್ಕೆಯಂಚಿನಲ್ಲಿ ಗಾಳಿ ಒಡೆಯುವ ಮೊರೆತ. ಎಲ್ಲ ಕಂಪನಗಳೂ ಬೆರೆತ, ತಳದ ಕಡೆ ವಾಲಿದ ಒಳ್ಳೆಯ ನಾಯ್ಸ್ ಅದು.

ಕೆಡಿಸುವುದು ಮೋಟಾರಿನ ಗುಂಯ್. 50 ಹರ್ಟ್ಜ್ ಕರೆಂಟಿನಲ್ಲಿ ಸಾಮಾನ್ಯ ಫ್ಯಾನಿನ ಮೋಟಾರು 100 ಹರ್ಟ್ಜ್‌ನಲ್ಲಿ ಮತ್ತು ಅದರ ಗುಣಕಗಳಲ್ಲಿ ಅದುರುತ್ತದೆ. ಗಾಳಿಯ ಮೊರೆತ ಹೆಚ್ಚಿರುವಾಗ ಇದು ಅದರಡಿ ಅಡಗಿರುತ್ತದೆ. ವೇಗ ಎರಡಕ್ಕೆ ಇಳಿಸಿದ ಕೂಡಲೇ ಮೇಲೆದ್ದು ಬರುತ್ತದೆ. ನುಣ್ಣಗೆ ತಿರುಗುವ ಎಲೆಕ್ಟ್ರಾನಿಕ್ ರೆಗ್ಯುಲೇಟರಾದರೆ ಕೆಟ್ಟದ್ದಕ್ಕೆ ಇನ್ನೂ ಕೆಟ್ಟದ್ದು ಸೇರುತ್ತದೆ. ಅದು ಕರೆಂಟಿನ ಅಲೆಯನ್ನು ಕತ್ತರಿಸಿ ವೇಗ ಇಳಿಸುವುದರಿಂದ ಗುಂಯ್‌ನ ಜೊತೆ ಜಿರ್ರೆನ್ನುವ ಮೇಲಿನ ಗುಣಕಗಳೂ ಹುಟ್ಟುತ್ತವೆ. ಅದರ ಬದಲು ಕೆಪಾಸಿಟರ್ ಇರುವ, ಟಕ್ ಟಕ್ ಎಂದು ಹಂತಹಂತವಾಗಿ ತಿರುಗುವ ರೆಗ್ಯುಲೇಟರ್ ಹಾಕಿಸಿದರೆ ಆ ಜಿರ್ರು ಹೋಗುತ್ತದೆ. ಇನ್ವರ್ಟರಿನಲ್ಲಿ ಫ್ಯಾನು ಬೇರೆಯೇ ದನಿಯಲ್ಲಿ ಕಿರುಗುಟ್ಟುತ್ತಿದ್ದರೆ ಅದು ಸ್ಕ್ವೇರ್ ವೇವ್ ಇನ್ವರ್ಟರ್ ಎಂದು ತಿಳಿಯಿರಿ. ಸೈನ್ ವೇವ್ ಇನ್ವರ್ಟರಿನಲ್ಲಿ ಈ ತೊಂದರೆಯಿಲ್ಲ. ಬಿಎಲ್‌ಡಿಸಿ ಫ್ಯಾನುಗಳಲ್ಲಿ ಕರೆಂಟಿನ ಗುಂಯ್ ಹೆಚ್ಚೂಕಡಿಮೆ ಇರುವುದೇ ಇಲ್ಲ, ಗಾಳಿಯ ಸದ್ದು ಮಾತ್ರ. ಇನ್ನು ರೆಕ್ಕೆಯ ಸ್ಕ್ರೂ ಸಡಿಲವಾಗಿ ಸುತ್ತಿಗೊಮ್ಮೆ ಬರುವ ಟಕ್ ಸದ್ದು. ನಾಯ್ಸ್ ಹಾಕಿ ಅದನ್ನು ಮುಚ್ಚಲು ಹೋಗಬೇಡಿ, ಸ್ಕ್ರೂ ಬಿಗಿ ಮಾಡಿಸಿ.

ಲೂಪು ಮತ್ತು ಜಾಹೀರಾತು

ವಿಡಿಯೋ ತಾಣಗಳಲ್ಲಿ ಹತ್ತು ಗಂಟೆಯ ನಾಯ್ಸ್ ಹಾಕಿ ಮಲಗುವವರಿಗೆ ನಡುರಾತ್ರಿ ಜಾಹೀರಾತು ಬಡಿಯುವುದು ಎಲ್ಲರಿಗೂ ಗೊತ್ತಿರುವ ಹಿಂಸೆ. ಅಷ್ಟಾಗಿ ಗೊತ್ತಿಲ್ಲದ್ದು ಸಂಕುಚನದ ಕಾಟ. ಆಡಿಯೋವನ್ನು ಚಿಕ್ಕದು ಮಾಡುವ ತಂತ್ರಗಳು ಸದ್ದಿನಲ್ಲಿರುವ ಕ್ರಮವನ್ನು ಹುಡುಕಿ ಉಳಿತಾಯ ಮಾಡುತ್ತವೆ. ನಾಯ್ಸ್‌ನಲ್ಲಿ ಕ್ರಮವೇ ಇಲ್ಲ. ಹಾಗಾಗಿ ಕಡಿಮೆ ಗುಣಮಟ್ಟದ ವೈಟ್ ನಾಯ್ಸ್ ನೀರೊಳಗೆ ಕೇಳಿದ ಹಾಗೆ ಗುಳುಗುಳು ಅನ್ನುತ್ತದೆ, ಒಮ್ಮೆ ಅದನ್ನು ಗುರುತಿಸಿದ ಕಿವಿ ಮತ್ತೆ ಬಿಡುವುದಿಲ್ಲ. ಚಿಕ್ಕ ತುಣುಕನ್ನು ಮತ್ತೆ ಮತ್ತೆ ನುಡಿಸುವ ಆ್ಯಪುಗಳದೂ ಅದೇ ಕಥೆ. ಕೆಲವು ಸೆಕೆಂಡುಗಳ ಲೂಪಿನಲ್ಲಿ ಕಿವಿ ಬೇಗ ಲಯ ಹುಡುಕಿಕೊಳ್ಳುತ್ತದೆ, ನಾಯ್ಸ್ ಆಮೇಲೆ ಚುಕುಬುಕು ರೈಲಾಗುತ್ತದೆ. ಐಫೋನಿನಲ್ಲಿ 2021ರ ಐಓಎಸ್ 15ರಿಂದ ಈಚೆಗೆ ಬ್ಯಾಕ್‌ಗ್ರೌಂಡ್ ಸೌಂಡ್ಸ್ ಎಂಬ ಸೌಲಭ್ಯ ಒಳಗೇ ಇದೆ, ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿಯಲ್ಲಿ ಆಡಿಯೋ ವಿಭಾಗದ ಕೆಳಗೆ. ಬ್ರೈಟ್, ಬ್ಯಾಲೆನ್ಸ್‌ಡ್, ಡಾರ್ಕ್ ಎಂಬ ಮೂರು ನಾಯ್ಸ್‌ಗಳನ್ನು ಸುಮಾರಾಗಿ ವೈಟ್, ಪಿಂಕ್, ಬ್ರೌನ್ ಎಂದುಕೊಳ್ಳಬಹುದು. ಇಂಟರ್ನೆಟ್ ಬೇಡ, ಜಾಹೀರಾತಿಲ್ಲ.

ಉಳಿದವರು ತಾವೇ ಮಾಡಿಕೊಳ್ಳಬಹುದು, ಅರ್ಧ ಗಂಟೆಯ ಕೆಲಸ. ಕಂಪ್ಯೂಟರಿನಲ್ಲಿ ಆಡಾಸಿಟಿ ಎಂಬ, ಸದ್ದು ತಿದ್ದುವ ಉಚಿತ ತಂತ್ರಾಂಶ ತೆರೆದು, ಜನರೇಟ್ ಮೆನುವಿನ ನಾಯ್ಸ್‌ನಲ್ಲಿ ಪಿಂಕ್ ಅಥವಾ ಬ್ರೌನಿಯನ್ ಆರಿಸಿ, ಅವಧಿ 1 ಗಂಟೆ 10 ಸೆಕೆಂಡು ಕೊಡಿ. ಮಾನೋ ಸಾಕು. ಬ್ರೌನಿಯನ್ ಆದರೆ ಹೈ-ಪಾಸ್ ಫಿಲ್ಟರನ್ನು 50 ಹರ್ಟ್ಜ್‌ಗೆ ಇಟ್ಟು ಹಾಯಿಸಿ. ತಳದ ಸ್ಥಾಯಿಯಲ್ಲಿರುವ ಆ ಅರ್ಧ ಶಕ್ತಿ ಸಣ್ಣ ಸ್ಪೀಕರಿಗೆ ಹೊರೆಯೇ ಹೊರತು ಉಪಯೋಗವಿಲ್ಲ. ಅದನ್ನು ತೆಗೆದರೆ ಅದೇ ಸ್ಪೀಕರು ಒದ್ದಾಡದೆ ನುಡಿಯುತ್ತದೆ. ಈಗ ಕೊನೆಯ 10 ಸೆಕೆಂಡನ್ನು ಕತ್ತರಿಸಿ ಹೊಸ ಟ್ರ್ಯಾಕಿನಲ್ಲಿ ಸೊನ್ನೆಯಿಂದ ಅಂಟಿಸಿ. ಅಂಟಿಸಿದ ತುಣುಕು ಕರಗುತ್ತಾ ಹೋಗಲಿ, ಅದರ ಕೆಳಗೆ ಮೂಲ ಟ್ರ್ಯಾಕಿನ ಮೊದಲ 10 ಸೆಕೆಂಡು ಮೂಡುತ್ತಾ ಬರಲಿ. ಕರಗಿಸುವಾಗ ಕಾನ್‌ಸ್ಟಂಟ್ ಪವರ್ ಬಗೆಯ ಫೇಡ್ ಬಳಸಿ. ನೇರ ಗೆರೆಯ ಫೇಡ್ ಹಾಕಿದರೆ ನಡುವೆ 3 ಡೆಸಿಬೆಲ್ ಕುಸಿದು ಗಂಟೆಗೊಮ್ಮೆ ಉಸಿರೆಳೆದ ಹಾಗೆ ಕೇಳುತ್ತದೆ. ಎರಡನ್ನೂ ಬೆರೆಸಿ ಉಳಿಸಿದರೆ ಕೊನೆ ಮೊದಲಿಗೆ ಹೊಲಿಗೆ ಕಾಣದಂತೆ ಸೇರಿಕೊಳ್ಳುತ್ತದೆ. ಎಂಪಿ3ಯಾಗಿ ಉಳಿಸಬೇಡಿ, ಅದು ಕಡತದ ಹಿಂದೆ ಮುಂದೆ ಚೂರು ಮೌನ ಸೇರಿಸುತ್ತದೆ, ಲೂಪಿನಲ್ಲಿ ಅದೇ ಕುತ್ತು. ವೇವ್ ಆದರೆ ಗಂಟೆಗೆ 318 ಎಂಬಿ, ಫ್ಲ್ಯಾಕ್ ಆದರೆ ಇನ್ನೂ ಕಡಿಮೆ. ಫೋನಿಗೆ ಹಾಕಿಕೊಂಡು, ಪ್ಲೇಯರಿನಲ್ಲಿ ರಿಪೀಟ್ ಒತ್ತಿದರೆ ಮುಗಿಯಿತು.

ಟೈಮರ್ ಇಡಬೇಕೆ? ನಿದ್ದೆ ಹತ್ತುವುದೇ ಕಷ್ಟ, ಹತ್ತಿದ ಮೇಲೆ ತೊಂದರೆಯಿಲ್ಲ ಎನ್ನುವವರು 45 ನಿಮಿಷಕ್ಕೆ ಇಡಲಿ, ಥಟ್ಟನೆ ನಿಲ್ಲದೆ ಕೆಲವು ನಿಮಿಷಗಳಲ್ಲಿ ಕರಗುವ ಟೈಮರ್ ಆಗಿರಲಿ. ನಡುರಾತ್ರಿ ಎಚ್ಚರವಾಗುವುದೇ ತೊಂದರೆಯಾದರೆ ಬೆಳಗಿನವರೆಗೆ ಬೇಕು.

ಗಾಢನಿದ್ರೆ, ನೆನಪು, ಏಕಾಗ್ರತೆ

ಪಿಂಕ್ ನಾಯ್ಸ್ ಗಾಢನಿದ್ರೆ ಹೆಚ್ಚಿಸಿ ನೆನಪಿನ ಶಕ್ತಿ ಬೆಳೆಸುತ್ತದೆ ಎಂಬ ಮಾತು ಎಲ್ಲೆಡೆ ಓಡಾಡುತ್ತಿದೆ. ಅದರ ಮೂಲ 2013ರಲ್ಲಿ ಜರ್ಮನಿಯಲ್ಲಿ ನಡೆದ ಒಂದು ಅಧ್ಯಯನ ಮತ್ತು ಅದರ ಹಾದಿಯ ಮುಂದಿನ ಅಧ್ಯಯನಗಳು. ಅಲ್ಲಿ ಮಾಡಿದ್ದೇ ಬೇರೆ. ಮಲಗಿದವರ ತಲೆಗೆ ಮಿದುಳಿನ ಅಲೆಗಳನ್ನು ಅಳೆಯುವ ಇಇಜಿ ತಂತಿ ಹಚ್ಚಿ, ಗಾಢನಿದ್ರೆಯ ನಿಧಾನದ ಅಲೆ ಏರುವ ಗಳಿಗೆಯನ್ನು ಕಂಪ್ಯೂಟರು ಕಾದು, ಆ ಗಳಿಗೆಗೆ ಸರಿಯಾಗಿ ಕಣ್ಣೆವೆ ಮಿಟುಕಿಸುವುದಕ್ಕಿಂತ ಚಿಕ್ಕದಾದ ಪಿಂಕ್ ನಾಯ್ಸ್ ಚುಟುಕನ್ನು ಕೇಳಿಸಲಾಯಿತು. ರಾತ್ರಿಯಿಡೀ ಹರಿಯುವ ಪಿಂಕ್ ನಾಯ್ಸ್‌ಗೂ ಅದಕ್ಕೂ ಸಂಬಂಧವಿಲ್ಲ. ನಿರಂತರ ನಾಯ್ಸ್ ಮತ್ತು ನಿದ್ದೆಯ ಬಗ್ಗೆ 38 ಅಧ್ಯಯನಗಳನ್ನು ಒಟ್ಟು ಸೇರಿಸಿ 2021ರಲ್ಲಿ ಪ್ರಕಟವಾದ ಪರಿಶೀಲನೆ, ಸಾಕ್ಷ್ಯದ ಗುಣಮಟ್ಟ ಬಹಳ ಕಡಿಮೆ ಎಂದೇ ಹೇಳಿತು. ಆದ್ದರಿಂದ ಶಾಂತವಾದ ಊರಿನ, ಶಾಂತವಾದ ಕೋಣೆಯಲ್ಲಿ ಚೆನ್ನಾಗಿ ಮಲಗುವವರು ನೆನಪು ಹೆಚ್ಚಲಿ ಎಂದು ಸದ್ದು ಹಾಕಿಕೊಳ್ಳಬೇಕಾಗಿಲ್ಲ. ಗದ್ದಲದ ನಡುವೆ ಇರುವವರಿಗೆ ಅದು ಪರದೆ, ಅಷ್ಟೇ, ಔಷಧವಲ್ಲ.

ಓದುವಾಗ, ಕೆಲಸ ಮಾಡುವಾಗ ಹಾಕಿಕೊಳ್ಳುವುದೂ ಹೀಗೇ ಮನುಷ್ಯರಿಂದ ಮನುಷ್ಯರಿಗೆ ಬೇರೆ. 2024ರಲ್ಲಿ ಪ್ರಕಟವಾದ 13 ಅಧ್ಯಯನಗಳ ಒಟ್ಟು ವಿಶ್ಲೇಷಣೆಯಲ್ಲಿ ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ) ಅಥವಾ ಅದರ ಲಕ್ಷಣಗಳಿರುವ ಮಕ್ಕಳಿಗೆ, ಯುವಜನರಿಗೆ ವೈಟ್ ಮತ್ತು ಪಿಂಕ್ ನಾಯ್ಸ್‌ನಿಂದ ಸಣ್ಣ ಲಾಭ ಕಂಡಿತು. ಆ ತೊಂದರೆಯಿಲ್ಲದವರಿಗೆ ಸರಿಸುಮಾರು ಅಷ್ಟೇ ಸಣ್ಣ ನಷ್ಟವೂ ಕಂಡಿತು. ಏಕಾಗ್ರತೆಗೆಂದು ಎಲ್ಲರೂ ಹೊಗಳುವ ಬ್ರೌನ್ ಮೇಲೆ ನಡೆದ ಅಧ್ಯಯನ ಅದರಲ್ಲಿ ಒಂದೂ ಇರಲಿಲ್ಲ. ಒಂದು ಮನೆಯಲ್ಲಿ ಇಬ್ಬರು ಮಕ್ಕಳಿದ್ದರೆ ಒಬ್ಬರಿಗೆ ಒಗ್ಗಿತೆಂದು ಇನ್ನೊಬ್ಬರ ಕಿವಿಗೂ ಹಾಕುವುದು ಬೇಡ ಎಂಬುದನ್ನು ಇದರಿಂದ ಕಲಿಯಬಹುದು.

ಆದರೆ ಪಕ್ಕದವರ ಮಾತು ಕಿವಿಗೆ ಬೀಳುತ್ತಿರುವಾಗ ಲೆಕ್ಕ ಬದಲಾಗುತ್ತದೆ. ಅರ್ಥವಾಗುವ ಮಾತು ಗಮನ ಕೊಡದಿದ್ದರೂ ಒಳಗೆ ನುಗ್ಗಿ, ಮನಸ್ಸಿನಲ್ಲಿ ಸಾಲಾಗಿ ಇಟ್ಟುಕೊಂಡದ್ದನ್ನು ಕೆಡಿಸುತ್ತದೆ. ಪಿಜಿಯ ಕೋಣೆಯಲ್ಲಿ ರೂಮ್‌ಮೇಟ್ ಫೋನಿನಲ್ಲಿ ಮಾತಾಡುತ್ತಿರುವಾಗ ಓದಲಾಗದಿರುವುದು ಇದಕ್ಕೇ. ದೊಡ್ಡ ಕಚೇರಿಗಳ ಛಾವಣಿಯಲ್ಲಿ ಅಡಗಿಸಿಡುವ ನಾಯ್ಸ್ ಸ್ಪೀಕರುಗಳು ಈ ಕೆಲಸಕ್ಕೇ ಇರುವಂಥವು. ಅವುಗಳ ಸದ್ದು ಪಿಂಕ್‌ಗಿಂತ ತಳದ ಕಡೆ ವಾಲಿದ್ದು, ಮಟ್ಟ 48 ಡೆಸಿಬೆಲ್ ಒಳಗೆ. ಮನೆಯಲ್ಲಿ ಪಿಂಕ್ ಹಾಕಿ ಟ್ರೆಬಲ್ ಸ್ವಲ್ಪ ಇಳಿಸಿದರೆ ಅದರ ಹತ್ತಿರ ಬರುತ್ತೀರಿ. ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ಇರುವವರು ಬ್ರೌನ್ ಬಿಟ್ಟು ಪಿಂಕ್ ಆರಿಸಲಿ: ಬಸ್ಸು, ಎಸಿಯಂಥ ತಳದ ಸದ್ದನ್ನು ಹೆಡ್‌ಫೋನೇ ತೆಗೆದಿರುತ್ತದೆ, ಉಳಿದು ಕಾಡುವುದು 1,000 ಹರ್ಟ್ಜ್‌ನಿಂದ ಮೇಲಿನ ಮಾತು.

ಕೂಸಿನ ಕೋಣೆ

1990ರಲ್ಲಿ ಲಂಡನ್ನಿನಲ್ಲಿ 40 ನವಜಾತ ಶಿಶುಗಳ ಮೇಲೆ ನಡೆದ ಅಧ್ಯಯನದಲ್ಲಿ ವೈಟ್ ನಾಯ್ಸ್ ಕೇಳಿದ 20ರಲ್ಲಿ 16 ಕೂಸುಗಳು ಐದು ನಿಮಿಷದೊಳಗೆ ಮಲಗಿದವು. ಕೇಳದ 20ರಲ್ಲಿ 5 ಮಾತ್ರ. ಅಜ್ಜಿಯರ "ಶ್ ಶ್ ಶ್" ಗೊತ್ತಿರುವವರಿಗೆ ಇದು ಅಚ್ಚರಿಯಲ್ಲ. ಭಯ ಬೇರೆ ಕಡೆಯಿದೆ. 2014ರಲ್ಲಿ ಕೂಸುಗಳಿಗಾಗಿ ಮಾರುವ 14 ಯಂತ್ರಗಳನ್ನು ಪೂರ್ತಿ ವಾಲ್ಯೂಮಿನಲ್ಲಿ ಅಳೆದಾಗ ಒಂದು ಮೀಟರು ದೂರದಲ್ಲೂ ಎಲ್ಲವೂ 50 ಡೆಸಿಬೆಲ್ ದಾಟಿದ್ದವು, 30 ಸೆಂಟಿಮೀಟರಿನಲ್ಲಿ ಮೂರು ಯಂತ್ರಗಳು 85 ದಾಟಿದ್ದವು. 85 ಎಂದರೆ ಕಾರ್ಖಾನೆಯಲ್ಲಿ ದುಡಿಯುವ ದೊಡ್ಡವರಿಗೆ ಅಮೆರಿಕದ ಅದೇ ನಿಯೋಶ್ ಸಂಸ್ಥೆ ಹೇಳುವ ದಿನಕ್ಕೆ 8 ಗಂಟೆಯ ಮಿತಿ. ತೊಟ್ಟಿಲಿಗೆ ಫೋನು ಸಿಕ್ಕಿಸಿ ನಾಯ್ಸ್ ಹಾಕುವುದು ಎಷ್ಟು ತಪ್ಪು ಎಂದು ಇದರಿಂದಲೇ ತಿಳಿಯುತ್ತದೆ. ಎರಡು ಮೀಟರು ದೂರ, ತೊಟ್ಟಿಲ ಬಳಿ ಅಳೆದರೆ 50ರ ಒಳಗೆ, ಕೂಸು ಮಲಗಿದ ಮೇಲೆ ನಿಧಾನವಾಗಿ ಬಂದ್. ಹಗಲೆಲ್ಲ ಹಾಕಿಡಬಾರದು, ಕೂಸು ಮಾತು ಕಲಿಯುವುದು ಮನೆಯವರ ಮಾತು ಸ್ಪಷ್ಟವಾಗಿ ಕೇಳಿಯೇ. ಕಿವಿಯಲ್ಲಿ ಸದಾ ಮೊರೆತವಿರುವ ದೊಡ್ಡವರೂ ನಾಯ್ಸ್ ಬಳಸುತ್ತಾರೆ, ಉಪಯೋಗವೂ ಇದೆ. ಆದರೆ ಮೊರೆತ ಪೂರ್ತಿ ಮುಳುಗುವಷ್ಟು ಜೋರು ಮಾಡದೆ ಅದರೊಂದಿಗೆ ಬೆರೆಯುವಷ್ಟೇ ಇಡಬೇಕು, ಅದಕ್ಕೂ ಮೊದಲು ಶ್ರವಣ ಪರೀಕ್ಷೆ ಆಗಬೇಕು. ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ತೋರಿಸಿಕೊಂಡು ಬಂದು ಆಮೇಲೆ ಆ್ಯಪಿಗೆ ಕೈ ಹಾಕಲಿ.

ಕರೆಂಟು ಹೋದ ರಾತ್ರಿಗೆ

ಇನ್ವರ್ಟರ್ ಇಲ್ಲದ ಮನೆಯವರು ಇದೊಂದು ಏರ್ಪಾಡು ಮಾಡಿ ನೋಡಬಹುದು. ಫ್ಯಾನು ಓಡುತ್ತಿರುವಾಗ ದಿಂಬಿನ ಬಳಿ ಅಳೆಯಿರಿ, 42 ಬಂತು ಎನ್ನೋಣ. ಫ್ಯಾನು ನಿಲ್ಲಿಸಿ, ಬ್ಯಾಟರಿಯಲ್ಲಿ ಓಡುವ ಬ್ಲೂಟೂತ್ ಸ್ಪೀಕರಿನಿಂದ ಪಿಂಕ್ ಮತ್ತು ಬ್ರೌನ್ ನಡುವಿನ ನಾಯ್ಸನ್ನು ಅದೇ 42ಕ್ಕೆ ಹೊಂದಿಸಿ. ಈಗ ಎರಡನ್ನೂ ಹಾಕಿ ಮಲಗಿ. ಸಮನಾದ ಎರಡು ಸದ್ದು ಸೇರಿದರೆ ಏರುವುದು 3 ಡೆಸಿಬೆಲ್ ಮಾತ್ರ, ಒಟ್ಟು 45. ಎರಡು ಗಂಟೆಗೆ ಕರೆಂಟು ಹೋದಾಗ ಇಳಿಯುವುದೂ ಅದೇ 3 ಡೆಸಿಬೆಲ್, ಅದೂ ರೆಕ್ಕೆ ನಿಧಾನವಾಗುತ್ತಾ ಬರುವಷ್ಟು ಹೊತ್ತಿನಲ್ಲಿ, ಮೆಲ್ಲಗೆ. ಗಡಿಯಾರದ ಟಿಕ್ ಟಿಕ್ ಮುಚ್ಚಿಯೇ ಇರುತ್ತದೆ. ಸ್ಪೀಕರನ್ನು ಸಂಜೆಯೇ ಪೂರ್ತಿ ಚಾರ್ಜ್ ಮಾಡಿಡಿ, ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ಬ್ಲೂಟೂತ್ ಮಾತ್ರ ಮತ್ತೆ ಆನ್ ಮಾಡಿ. ಬೆಳಗಿನ ಅಲಾರಂ ಸ್ಪೀಕರಿನಿಂದ ಬರುತ್ತದೋ ಫೋನಿನಿಂದಲೋ ಎಂದು ಒಮ್ಮೆ ಹಗಲಿನಲ್ಲೇ ಪರೀಕ್ಷಿಸಿಕೊಳ್ಳಿ. ಬ್ಯಾಟರಿ ಮುಗಿಯುವಾಗ ಕೆಲವು ಸ್ಪೀಕರುಗಳು ಜೋರಾಗಿ "ಬ್ಯಾಟರಿ ಲೋ" ಎಂದು ಕೂಗುತ್ತವೆ. ಅಂಥದ್ದಾದರೆ ಎಂಟು ಗಂಟೆ ತಡೆಯುತ್ತದೆಯೇ ಎಂದು ಮೊದಲು ನೋಡಿಕೊಂಡು ಆಮೇಲೆ ಮಲಗುವ ಕೋಣೆಗೆ ತನ್ನಿ.